ಖಾಲಿ ಪೆಟ್ಟಿಗೆಗಳ ಪಾಲು

ಅಣ್ಣ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದಾಗ ತಮ್ಮ ಒಂದು ಕೈಗಡಿಯಾರಕ್ಕೆ ಕೀ ಕೊಡುತ್ತಿದ್ದ. ಸುದ್ದಿಯನ್ನು ಪೂರ್ತಿ ಕೇಳಿಸಿಕೊಂಡ, ಬರುತ್ತೇನೆ ಎಂದ, ಫೋನನ್ನು ಮೇಜಿನ ಮೇಲೆ ಮಗುಚಿಟ್ಟ. ಉಳಿದಿದ್ದ ಸುತ್ತುಗಳನ್ನೂ ತಿರುಗಿಸಿ ಮುಗಿಸಿದ ಬಳಿಕವೇ ಅಂಗಿ ಬದಲಿಸಿಕೊಂಡು ಹೊರಟ. ಅಂತ್ಯಕ್ರಿಯೆಯಲ್ಲಿ ನಿಲ್ಲಬೇಕಾದಲ್ಲಿ ನಿಂತ, ಹೆಗಲು ಕೊಡಬೇಕಾದಾಗ ಕೊಟ್ಟ, ಬಂದವರು ಕೈ ಹಿಡಿದಾಗ ಹಿಡಿಯಗೊಟ್ಟ. ವನವಾಸದಷ್ಟು ವರ್ಷ ಮಾತು ಬಿಟ್ಟಿದ್ದ ಅಣ್ಣನ ಮುಖವನ್ನೂ ನೋಡಿದ. ಕನ್ನಡಕ ತೆಗೆದಿದ್ದರು, ಮೂಗಿನ ಎರಡು ಬದಿಗೆ ಅದು ಕೂತು ಕೂತು ಮಾಡಿದ ಕುಳಿಗಳು ಹಾಗೆಯೇ ಇದ್ದವು. ಅವನು ಗಮನಿಸಿದ್ದು ಅಷ್ಟೇ.

ಬಂಧುಗಳು ಅವನ ಸಮಚಿತ್ತವನ್ನು ಕೊಂಡಾಡಿದರು. ಎಂಥ ಗಟ್ಟಿ ಜೀವ, ಒಂದು ತೊಟ್ಟು ಕಣ್ಣೀರಿಲ್ಲ, ಇದ್ದರೆ ಹೀಗಿರಬೇಕು ಎಂದರು. ಲೋಕಕ್ಕೆ ವೈರಾಗ್ಯಕ್ಕೂ ಜಡತೆಗೂ ಇರುವ ಭೇದ ಸುಲಭಕ್ಕೆ ತಿಳಿಯುವುದಿಲ್ಲ. ಗಾಳಿಯಿಲ್ಲದೆಡೆ ಉರಿಯುವ ದೀಪವೂ ಅಲುಗದು, ಎಣ್ಣೆ ತೀರಿ ಆರಿದ ದೀಪವೂ ಅಲುಗದು. ದೂರದಲ್ಲಿ ನಿಂತು ಅಲುಗಾಟವನ್ನಷ್ಟೇ ನೋಡುವವನು ಎರಡಕ್ಕೂ ಒಂದೇ ನಮಸ್ಕಾರ ಹಾಕುತ್ತಾನೆ. ತನ್ನದು ಯಾವ ದೀಪವೆಂಬುದು ತಮ್ಮನಿಗೆ ತಿಳಿದಿತ್ತು. ದೇವರ ಮುಂದೆ ಕೈಮುಗಿದು ನಿಂತರೂ ಕೇಳಿಕೊಳ್ಳಲು ಏನೂ ತೋಚದೆ, ಮುಗಿದ ಕೈಯನ್ನು ಬಿಡಿಸಿಕೊಂಡು ಬರುತ್ತಿದ್ದ.

ಈ ಇಬ್ಬರದು ಕನ್ನಡಕದ ವ್ಯಾಪಾರ. ಒಂದು ಅಂಗಡಿಯಿಂದ ಶುರುವಾಗಿ ಹಲವು ಅಂಗಡಿಗಳಾದದ್ದು. ಪೇಟೆಯಲ್ಲಿ ಅಣ್ಣನಿಗೆ ದೊಡ್ಡ ಕನ್ನಡಕ, ತಮ್ಮನಿಗೆ ಸಣ್ಣ ಕನ್ನಡಕ ಎಂದೇ ಹೆಸರು. ಅಣ್ಣ ಮುಂಗಟ್ಟಿನಲ್ಲಿ ನಿಂತು ಗಿರಾಕಿಯ ಮುಖ ನೋಡಿ ಫ್ರೇಮು ಆರಿಸುತ್ತಿದ್ದ. ತಮ್ಮ ಒಳಕೋಣೆಯಲ್ಲಿ ಗಾಜು ಉಜ್ಜಿ ಕೂರಿಸುತ್ತಿದ್ದ. ಒಂದು ದಿನ, ಹಡಗಿನ ಕೆಲಸದಿಂದ ನಿವೃತ್ತನಾಗಿದ್ದ ಒಬ್ಬ ಕಪ್ತಾನ ಕನ್ನಡಕಕ್ಕೆಂದು ಬಂದು, ಯಾವ ನಂಬರು ಹಾಕಿದರೂ ತನ್ನ ಗಡಿಯಾರದ ಮುಳ್ಳು ಕಾಣುತ್ತಿಲ್ಲವೆಂದು, ಕಾಣದ ಮುಳ್ಳು ಕೈಮೇಲಿದ್ದರೇನು ಬಿಟ್ಟರೇನು ಎಂದು ಅದನ್ನು ಬಿಚ್ಚಿ ಮಾರಾಟಕ್ಕೆಂದು ಮೇಜಿನ ಮೇಲಿಟ್ಟ. ಚಿನ್ನದ ಹೊರಕವಚ, ಒಳಗೆ ಚಂದ್ರನ ವೃದ್ಧಿಕ್ಷಯ ತೋರಿಸುವ ನೀಲಿ ತಟ್ಟೆ. ಅಣ್ಣ ಅದನ್ನು ಎತ್ತಿಕೊಂಡು ಮಣಿಕಟ್ಟಿಗೆ ಕಟ್ಟಿದ. ತಮ್ಮ ಅದನ್ನು ಬಿಚ್ಚಿಸಿ ಕಿವಿಗೆ ಹಿಡಿದ. ಮುಂದಿನ ಎಲ್ಲ ವರ್ಷಗಳ ಕಥೆ ಈ ಎರಡು ವಾಕ್ಯಗಳಲ್ಲಿ ಆಗಲೇ ಬರೆದಾಗಿತ್ತು. ಓದುವ ಕಣ್ಣು ಇಬ್ಬರಿಗೂ ಇರಲಿಲ್ಲ, ಕನ್ನಡಕದವರಾದರೂ.

ಅಲ್ಲಿಂದ ಹುಚ್ಚು ಹತ್ತಿತು. ಬೇರೆ ಮನೆಗಳ ಅಣ್ಣತಮ್ಮಂದಿರು ಮನೆ ಕಟ್ಟಿಸುವ ಮಾತಾಡುವಾಗ ಇವರು ಮುಳ್ಳು, ಚಕ್ರ, ರತ್ನದ ಬೇರಿಂಗು ಎನ್ನುತ್ತಿದ್ದರು. ಗುಂಡಿ ಒತ್ತಿದರೆ ಸಣ್ಣ ದನಿಯಲ್ಲಿ ಗಂಟೆ ಹೊಡೆದು ಹೊತ್ತು ಹೇಳುವುದೊಂದು ಬಂತು. ಅಧಿಕ ವರ್ಷದ ಫೆಬ್ರವರಿಯನ್ನೂ ತಾನೇ ಲೆಕ್ಕ ಹಾಕಿಕೊಳ್ಳುವುದೊಂದು ಬಂತು. ಕಾಗದದಷ್ಟು ತೆಳ್ಳಗಿನದೊಂದು ಬಂದಾಗ ಅದನ್ನು ನೋಡಲು ಅಣ್ಣತಮ್ಮಂದಿರು ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಗಾಜು ಪರೀಕ್ಷಿಸುವ ಭೂತಗನ್ನಡಿಯನ್ನು ಪಾಳಿಯಲ್ಲಿ ಕಣ್ಣಿಗೆ ಹಚ್ಚಿಕೊಂಡು, ಗಿರಾಕಿಗಳನ್ನು ಹೊರಗೆ ನಿಲ್ಲಿಸಿದ್ದರು. ತಮ್ಮನ ಹೆಂಡತಿ ಬದುಕಿದ್ದಾಗ ಹೇಳುತ್ತಿದ್ದ ಒಂದು ಮಾತಿತ್ತು: ಇಷ್ಟು ಗಡಿಯಾರ ಸಾಕಿಕೊಂಡವರು ಒಂದು ದಿನವಾದರೂ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಂದದ್ದುಂಟೇ?

ಈಗ ಕುಳಿತು ಹಿಂದಿರುಗಿ ನೋಡಿದರೆ ತಮ್ಮನಿಗೆ ತನ್ನ ಆಯುಷ್ಯವು ಗಡಿಯಾರಗಳ ಮೂಲಕವೇ ನೆನಪಾಗುತ್ತಿತ್ತು. ಮಗಳು ಹುಟ್ಟಿದ್ದು ಯಾವಾಗ ಎಂದರೆ ಬೆಳ್ಳಿ ಮುಖದ್ದು ಕೊಂಡ ವರ್ಷ. ತಾಯಿ ಹಾಸಿಗೆ ಹಿಡಿದದ್ದು ಗಂಟೆ ಹೊಡೆಯುವುದರ ಸ್ಪ್ರಿಂಗು ಮುರಿದು ರಿಪೇರಿಗೆ ಹೋಗಿದ್ದಾಗ. ಗಡಿಯಾರದ ಮುಖ ಕಣ್ಣಿಗೆ ಕಟ್ಟಿದಷ್ಟು ನಿಚ್ಚಳವಾಗಿ ತಾಯಿಯ ಮುಖ ಕಟ್ಟುತ್ತಿರಲಿಲ್ಲ. ಕಾಲವನ್ನು ಕೂಡಿಟ್ಟೆನೆಂದು ತಿಳಿದವನು ಕೂಡಿಟ್ಟದ್ದು ಅದನ್ನು ಅಳೆಯುವ ಪಾತ್ರೆಗಳನ್ನು ಮಾತ್ರ. ಇದನ್ನೂ ಅವನು ಅರಿತಿದ್ದ, ನಾಳೆ ಸೋಮವಾರ ಎಂಬುದನ್ನು ಅರಿತಷ್ಟೇ ತಣ್ಣಗೆ.

ಈ ಗೀಳಿನವರಿಗೆ ಒಂದು ಶಾಸ್ತ್ರವುಂಟು. ಗಡಿಯಾರವೊಂದೇ ಬಂದರೆ ಅದು ಅರ್ಧ. ಅದು ಕಾರ್ಖಾನೆಯಿಂದ ಹೊರಟಾಗ ಜೊತೆಗಿದ್ದ ಪೆಟ್ಟಿಗೆ, ಅದರ ನಂಬರು ಬರೆದ ಪ್ರಮಾಣಪತ್ರ, ಮೂರೂ ಕೂಡಿದರೆ ಮಾತ್ರ ‘ಸೆಟ್ಟು’. ಸೆಟ್ಟಿಲ್ಲದ್ದನ್ನು ಬಲ್ಲವನು ಮುಟ್ಟುವುದಿಲ್ಲ. ಅಣ್ಣತಮ್ಮಂದಿರು ಒಂದು ಪೆಟ್ಟಿಗೆಯ ಬೆನ್ನು ಹತ್ತಿ ಎರಡು ದಿನ ರೈಲಿನಲ್ಲಿ ಕೂತು ಹೋಗಿಬಂದದ್ದುಂಟು. ಒಳಗೆ ಏನೂ ಇಲ್ಲದ ಪೆಟ್ಟಿಗೆಯನ್ನು ಮಡಿಲಲ್ಲಿ ಮಗುವಿನಂತೆ ಇಟ್ಟುಕೊಂಡು.

ಒಡೆದದ್ದು ಒಂದು ಹೊಳಪಿನಿಂದ. ಮಗಳ ಊರಿಗೆ ತಮ್ಮ ಹೋಗಿದ್ದಾಗ ಅಣ್ಣ, ಅವನಿಗೆ ಖುಷಿಯಾಗಲೆಂದು, ಕಪ್ತಾನನ ಗಡಿಯಾರದ ಕವಚವನ್ನು ಪಾಲಿಶಿಗೆ ಕೊಟ್ಟ. ಹಳೆಯ ಗೀರುಗಳೆಲ್ಲ ಅಳಿದು, ಅಂಚುಗಳು ಸವೆದು ದುಂಡಗಾಗಿ, ಅದು ನಿನ್ನೆ ಹುಟ್ಟಿದ ಹಾಗೆ ಹೊಳೆಯುತ್ತಿತ್ತು. ಬಲ್ಲವರ ಲೋಕದಲ್ಲಿ ಇದು ಶಾಸನದ ಕಲ್ಲನ್ನು ಉಜ್ಜಿ ನುಣ್ಣಗೆ ಮಾಡಿದ ಹಾಗೆ. ತಮ್ಮ ಬಂದವನೇ ಅಂಗಡಿಯಲ್ಲಿ, ಗಿರಾಕಿಗಳ ಎದುರಿನಲ್ಲಿ, ಬಾಯಿಗೆ ಬಂದದ್ದೆಲ್ಲ ಅಂದ. ಕಟ್ಟಿಕೊಳ್ಳುವುದಕ್ಕಲ್ಲದೆ ಗಡಿಯಾರ ಮತ್ತೇತಕ್ಕೆ ಎಂದು ಅಣ್ಣ ಕೇಳಿದ. ಕಟ್ಟಿಕೊಂಡು ಮೆರೆಯುವುದಕ್ಕೆ ಇನ್ನಾವುದೂ ಸಿಗಲಿಲ್ಲವೇ ಎಂದು ತಮ್ಮ ಕೇಳಿದ. ಹೊಳಪು ಬಂದದ್ದಕ್ಕೆ ಹೊಡೆದಾಡುವವರನ್ನು ಪೇಟೆ ಅಲ್ಲಿಯವರೆಗೆ ಕಂಡಿರಲಿಲ್ಲ. ಮಾತಿಗೆ ಮಾತು ಬೆಳೆದು ಪಾಲಿನವರೆಗೆ ಹೋಯಿತು.

ಪಾಲು ಮಾಡಿಸಲು ಕೂತವರು ಸೋದರಮಾವ. ಅವರದು ಹಳೆಯ ಪದ್ಧತಿ: ಒಬ್ಬ ಪಾಲು ಮಾಡಲಿ, ಇನ್ನೊಬ್ಬ ಆರಿಸಿಕೊಳ್ಳಲಿ. ಅಂಗಡಿಗಳು ಸಲೀಸಾಗಿ ಮುಗಿದವು. ಗಡಿಯಾರಗಳನ್ನು ಪಾಲು ಮಾಡುವ ಸರದಿ ಅಣ್ಣನದು. ಅವನು ಒಂದೊಂದೇ ಪೆಟ್ಟಿಗೆ ತೆರೆದು, ಗಡಿಯಾರವನ್ನು ಎತ್ತಿ ಎಡಕ್ಕೆ ಹಾಸಿದ್ದ ಬಿಳಿ ಬಟ್ಟೆಯ ಮೇಲಿಟ್ಟ; ಪೆಟ್ಟಿಗೆಯನ್ನೂ ಪ್ರಮಾಣಪತ್ರವನ್ನೂ ಬಲಕ್ಕೆ ಪೇರಿಸಿದ. ಇಡೀ ಮಧ್ಯಾಹ್ನ ಇದೇ ಆಯಿತು. ಮುಗಿದ ಮೇಲೆ ಎಡಕ್ಕೆ ಬರಿಯ ಗಡಿಯಾರಗಳು, ಬಲಕ್ಕೆ ಬರಿಯ ಪೆಟ್ಟಿಗೆಗಳು. ಗಡಿಯಾರದ ಗಂಧವಿಲ್ಲದ ಮಾವ ಅತ್ತಿತ್ತ ನೋಡಿ, ಆರಿಸಿಕೊಳ್ಳಪ್ಪ ಎಂದರು. ಅಣ್ಣ ತಮ್ಮನ ಮುಖವನ್ನೇ ನೋಡುತ್ತಿದ್ದ. ಇದು ತನ್ನನ್ನು ಹೀಯಾಳಿಸಲು ಮಾಡಿದ್ದೆಂದು ತಮ್ಮನಿಗೆ ಖಚಿತವಾಯಿತು. ಅವನು ಎಡಕ್ಕೆ ಬೆರಳು ಮಾಡಿದ.

ಅಣ್ಣ ಖಾಲಿ ಪೆಟ್ಟಿಗೆಗಳನ್ನೆಲ್ಲ ಒಂದು ಹಾಸಿಗೆಯ ಹೊದಿಕೆಯಲ್ಲಿ ಗಂಟು ಕಟ್ಟಿ, ಹೆಗಲಿಗೇರಿಸಿಕೊಂಡು ಹೋದ. ದೊಡ್ಡ ಕನ್ನಡಕಕ್ಕೆ ಸಿಪ್ಪೆ, ಸಣ್ಣ ಕನ್ನಡಕಕ್ಕೆ ಹಣ್ಣು ಎಂದು ಪೇಟೆಯವರು ನಕ್ಕರು. ತಮ್ಮ ಹಣ್ಣನ್ನು ಬ್ಯಾಂಕಿನ ಲಾಕರಿನಲ್ಲಿಟ್ಟ.

ಈಚೆಗೆ ಸಕ್ಕರೆ ಕಾಯಿಲೆ ಅವನ ಬೆರಳತುದಿಗಳ ಸ್ಪರ್ಶವನ್ನು ತಿಂದುಹಾಕಿತ್ತು. ಕೂದಲೆಳೆಯಷ್ಟು ಸ್ಕ್ರೂವನ್ನು ಕಣ್ಣು ಮುಚ್ಚಿ ಕೂರಿಸುತ್ತಿದ್ದ ಬೆರಳುಗಳಿಗೆ ಈಗ ಕೀಯ ಗುಂಡಿ ಎಲ್ಲಿ ನಿಂತಿತೆಂಬುದೂ ತಿಳಿಯುತ್ತಿರಲಿಲ್ಲ. ಮಗಳಿಗೆ ಹೊತ್ತು ನೋಡಲು ಫೋನು ಸಾಕು. ಆದ್ದರಿಂದ, ಅಣ್ಣ ಹೋಗುವ ಮೊದಲೇ, ಎಲ್ಲವನ್ನೂ ಒಂದು ಹರಾಜು ಸಂಸ್ಥೆಗೆ ಒಪ್ಪಿಸುವ ಮಾತಾಗಿತ್ತು. ಅಲ್ಲಿಂದ ಬಂದ ಹೆಣ್ಣುಮಗಳು ಬಿಳಿ ಕೈಗವಸು ತೊಟ್ಟು ಒಂದೊಂದನ್ನೂ ನೋಡಿ, ಇಂಥ ಸಂಗ್ರಹವನ್ನು ಕಂಡೇ ಇಲ್ಲವೆಂದು ಹೇಳಿ, ಪೆಟ್ಟಿಗೆಗಳೆಲ್ಲಿ ಎಂದು ಕೇಳಿದ್ದಳು. ಬೇರೆ ಮನೆಯಲ್ಲಿವೆ ಎಂದಿದ್ದ ಅವನು. ತರಿಸಲಾದೀತೇ ಎಂದು ಅವಳು ಕೇಳಿದಾಗ, ಅವನಲ್ಲಿ ಉಳಿದಿದ್ದ ಕಟ್ಟಕಡೆಯ ಆಸೆಯೊಂದು, ಆಸೆಯೆನ್ನುವುದಕ್ಕಿಂತ ಅಭ್ಯಾಸವೊಂದು, ತಲೆಯೆತ್ತಿತು: ಹೋಗುವುದಾದರೆ ಎಲ್ಲ ಸೆಟ್ಟಾಗಿಯೇ ಹೋಗಲಿ. ಇಬ್ಬರು ಸೇರಿ ಕಟ್ಟಿದ್ದು ಒಂದು ಸಾರಿಯಾದರೂ ಇಡಿಯಾಗಿ ಕಣ್ಣೆದುರು ಬರಲಿ. ಬಂದರೆ ಒಳಗೆ ಏನಾದರೂ ಮಿಸುಕೀತು. ಅದೂ ಮಿಸುಕದಿದ್ದರೆ ಇನ್ನು ಯಾವುದೂ ಮಿಸುಕಲಾರದೆಂದು ತಿಳಿಯಬೇಕು.

ಹೀಗೆ, ಅಣ್ಣ ಹೋದ ಮೂರನೆಯ ವಾರ, ಅವನು ಅತ್ತಿಗೆಯ ಮನೆಯ ಮೆಟ್ಟಿಲು ಹತ್ತಿದ.

ಬಾಗಿಲು ತೆರೆದೇ ಇತ್ತು. ಅತ್ತಿಗೆ ಕಿಟಕಿಯ ಬಳಿ ಕೂತು ಅಣ್ಣನ ಅಂಗಿಯೊಂದಕ್ಕೆ ಗುಂಡಿ ಹೊಲಿಯುತ್ತಿದ್ದರು. ಪಕ್ಕದ ಕುರ್ಚಿಯ ಮೇಲೆ ಅಂಗಿಗಳ ರಾಶಿ. ಅವರು ಆ ಮನೆತನಕ್ಕೆ ಸೊಸೆಯಾಗಿ ಬಂದಾಗ ಮೈದುನ ಇನ್ನೂ ಶಾಲೆಗೆ ಹೋಗುವ ಹುಡುಗ. ಹಾಗಾಗಿ ಅವನ ನರೆತ ತಲೆಗೂ ಏಕವಚನವೇ.

‘ಬಾ, ಕೂತ್ಕೋ. ಲಿಫ್ಟ್ ಕೆಟ್ಟಿದೆ, ಹತ್ಕೊಂಡೇ ಬಂದ್ಯಾ? ನಿಮ್ಮಣ್ಣ ಇದ್ದಿದ್ರೆ ಇಷ್ಟು ಹೊತ್ತಿಗೆ ಆ ಲಿಫ್ಟಿನ ವಂಶಾವಳಿ ಎಲ್ಲಾ ಜಾಲಾಡಿರೋರು.’

ಅಂಗಿಗಳನ್ನು ಯಾರಿಗಾದರೂ ಕೊಟ್ಟುಬಿಡಬೇಕೆಂದಿದ್ದಾರೆ. ಗುಂಡಿ ಸಡಿಲವಾದದ್ದನ್ನು ಕೊಟ್ಟರೆ ಹಾಕಿಕೊಂಡವರು ಆ ಮನುಷ್ಯನ ಹೆಂಡತಿಯನ್ನು ಏನೆಂದುಕೊಂಡಾರು ಎಂದು ಬಿಗಿ ಮಾಡುತ್ತಿದ್ದಾರೆ. ಹಾಗೆಂದು ಅವರೇ ಹೇಳಿದರು. ಅವನು ಬಂದ ಕೆಲಸವನ್ನು ಹೇಳಿದ. ಅವರು ಬೇಡವೆನ್ನಲಿಲ್ಲ, ಆಗಲೆಂದೂ ಅನ್ನಲಿಲ್ಲ. ಎದ್ದು ಹೋಗಿ ಮನೆಯ ಮೂಲೆಮೂಲೆಯಿಂದ ಪೆಟ್ಟಿಗೆಗಳನ್ನು ತಂದು ಅವನ ಮುಂದಿನ ನೆಲದ ಮೇಲೆ ಸುರಿದರು. ಒಂದು ಬೀರುವಿನಿಂದ ಬಂತು, ಒಂದು ಸ್ನಾನದ ಕೋಣೆಯಿಂದ, ಎರಡು ಅಡುಗೆಮನೆಯ ಕಪಾಟಿನಿಂದ.

ಅವುಗಳಲ್ಲಿ ಯಾವುದೂ ಖಾಲಿಯಿರಲಿಲ್ಲ. ಕೆಂಪು ಚರ್ಮದ ಪೆಟ್ಟಿಗೆಯಲ್ಲಿ ಅಣ್ಣನ ರಕ್ತದೊತ್ತಡದ ಮಾತ್ರೆಗಳು. ಕಡುನೀಲಿಯದರಲ್ಲಿ ಮೊಮ್ಮಗಳ ಹಾಲುಹಲ್ಲುಗಳು, ಹತ್ತಿಯ ಮೇಲೆ. ಮೆರುಗೆಣ್ಣೆ ಹಚ್ಚಿದ ಮರದ್ದರಲ್ಲಿ ಯಾವ ಬೀಗಕ್ಕೂ ಸೇರದ ಕೀಲಿಕೈಗಳು. ಮತ್ತೊಂದರಲ್ಲಿ ಕಿವಿಯ ಯಂತ್ರದ ಬ್ಯಾಟರಿ. ಅಣ್ಣನಿಗೆ ಕಿವಿ ಮಂದವಾಗಿತ್ತೆಂಬುದೇ ತಮ್ಮನಿಗೆ ಗೊತ್ತಿರಲಿಲ್ಲ. ಮೊದಲ ವರ್ಷ ಅಣ್ಣ ಯಾರಿಗೂ ಮುಟ್ಟಗೊಡುತ್ತಿರಲಿಲ್ಲವಂತೆ. ಆಮೇಲೆ, ಮಗು ಉದುರಿದ ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಬಂದ ದಿನ, ತಾನೇ ಒಂದನ್ನು ತೆಗೆದುಕೊಟ್ಟನಂತೆ. ಅಲ್ಲಿಂದ ಒಂದೊಂದೇ ಮನೆಯೊಳಗೆ ಹರಡಿಹೋದವು.

ಪ್ರಮಾಣಪತ್ರಗಳೆಲ್ಲಿ ಎಂದು ತಮ್ಮ ಕೇಳಿದ. ಅತ್ತಿಗೆ ಒಂದು ರಟ್ಟಿನ ಲಕೋಟೆ ತಂದುಕೊಟ್ಟರು. ದಪ್ಪ ಕಾಗದ, ಉಬ್ಬು ಮುದ್ರೆ, ಓರೆಯಕ್ಷರದ ನಂಬರುಗಳು, ಎಲ್ಲ ಇದ್ದವು. ಮಗುಚಿ ನೋಡಿದ. ಗಂಟೆ ಹೊಡೆಯುವುದರ ಬೆನ್ನಿಗೆ ಹಸಿರು ಬೆಕ್ಕು. ಫೆಬ್ರವರಿ ಬಲ್ಲದ್ದರ ಬೆನ್ನಿಗೆ ಚಕ್ರವಿಲ್ಲದ ಬಸ್ಸು. ಬಣ್ಣದ ಮೇಣದ ಕಡ್ಡಿಯನ್ನು ಒತ್ತಿ ಒತ್ತಿ ತಿದ್ದಿದ್ದರಿಂದ ಮುಂಬದಿಯ ಅಕ್ಷರಗಳೂ ಉಬ್ಬಿದ್ದವು. ಲೋಕದಲ್ಲಿ ಬೆರಳೆಣಿಕೆಯಷ್ಟಿರುವ ಕಾಗದ ಅದು. ಬೆಕ್ಕನ್ನು ನೋಡುತ್ತ ತಮ್ಮ ಕಾದ. ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ.

‘ಬೈಯೋದಿದ್ರೆ ಬೈದ್ಬಿಡು,’ ಅತ್ತಿಗೆ ದಾರ ಕಚ್ಚಿ ತುಂಡರಿಸುತ್ತ ಹೇಳಿದರು. ‘ಒಳ್ಳೇ ಕಾಗದ, ಹಿಂದ್ಗಡೆ ಖಾಲಿ ಇದೆ ಅಂತ ನಿಮ್ಮಣ್ಣನೇ ಕೊಟ್ರು.’

‘ಬೈಯೋದೇನಿದೆ ಅತ್ತಿಗೆ. ಮಗು ಅಲ್ವಾ.’

‘ಇಷ್ಟೊಂದು ಒಳ್ಳೆಯವನಾಗ್ಬೇಡಪ್ಪ. ನೋಡಿದ್ರೆ ಭಯ ಆಗತ್ತೆ.’

ಅತ್ತಿಗೆ ಎರಡು ತಟ್ಟೆ ತಂದು ಪೆಟ್ಟಿಗೆಗಳನ್ನು ಬರಿದು ಮಾಡತೊಡಗಿದರು. ಮಾತ್ರೆಗಳು ಒಂದು ಕಡೆ, ಕೀಲಿಕೈಗಳು ಇನ್ನೊಂದು ಕಡೆ, ಹಲ್ಲುಗಳು ಒಂದು ಲೋಟದಲ್ಲಿ ಕಟಕಟವೆಂದವು. ತಮ್ಮ ಬರಿದಾದವನ್ನು ಸಾಲಾಗಿ ಜೋಡಿಸಿ, ಪ್ರತಿಯೊಂದಕ್ಕೂ ಅದರ ಕಾಗದವನ್ನು ಹೊಂದಿಸುತ್ತ ಬಂದ. ಹೊಂದಿಸುವಾಗ, ತನ್ನ ದನಿ ತನಗೇ ಬೇರೆಯವರದೆನಿಸುವ ಹಾಗೆ, ಅಂದು ಅಣ್ಣ ಹೀಗೇಕೆ ಪಾಲು ಮಾಡಿದನೆಂದು ಕೇಳಿದ.

ಮತ್ತೆ ಅಂಗಿ ಹಿಡಿದಿದ್ದ ಅತ್ತಿಗೆಯ ಸೂಜಿ ನಿಂತಿತು.

‘ನೀನು ನಗ್ತೀಯ ಅಂತ.’

ಅವನು ತಲೆಯೆತ್ತಿದ.

‘ಹೊರಡೋ ಮುಂಚೆ ನನ್ಹತ್ರ ಹೇಳಿದ್ರು. ಹಿಂಗೆ ಪಾಲು ಹಾಕಿದ್ರೆ ಅವನಿಗೆ ಆರಿಸೋಕೇ ಆಗಲ್ಲ, ಗಡಿಯಾರದ ಹುಚ್ಚಿರೋನು ಯಾವನೂ ಆರಿಸಲ್ಲ, ನಕ್ಕುಬಿಡ್ತಾನೆ. ಅವನು ನಕ್ರೆ ನಾನೂ ನಗ್ತೀನಿ, ಮುಗೀತು. ಇಬ್ರೂ ಊಟಕ್ಕೆ ಬರ್ತೀವಿ, ಅಡುಗೆ ಜಾಸ್ತಿ ಮಾಡು ಅಂದ್ರು.’ ಸೂಜಿಯನ್ನು ಮತ್ತೆ ಬಟ್ಟೆಗೆ ಚುಚ್ಚಿ, ‘ಮಾಡಿದ್ದೆ,’ ಎಂದರು.

ಕೆಲವು ಮಾತುಗಳು ಕಾದ ಪಾತ್ರೆಯ ಹಾಗೆ. ಈಚೆಗೆ ಅವನು ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ ಇಳಿಸಿ, ಚರ್ಮ ಬೊಬ್ಬೆಯೆದ್ದ ಮೇಲೆ ಸುಟ್ಟದ್ದನ್ನು ಕಣ್ಣಿಂದ ತಿಳಿದಿದ್ದ. ಈಗಲೂ ಹಾಗೆಯೇ, ಇದು ಸುಡುವ ಮಾತೆಂದು ಅವನಿಗೆ ಬುದ್ಧಿಯಿಂದ ತಿಳಿಯಿತು. ಬಿಳಿ ಬಟ್ಟೆ, ಎಡಗಡೆ, ಬಲಗಡೆ, ತನ್ನ ಮುಖವನ್ನೇ ನೋಡುತ್ತಿದ್ದ ಎರಡು ಕಣ್ಣು. ಆ ನೋಟವನ್ನು ಅವನು ಇಷ್ಟು ವರ್ಷ ಗರ್ವವೆಂದು ಓದಿಕೊಂಡಿದ್ದ. ಅದು ನಗೆಗೆ ಕಾದಿದ್ದ ನೋಟ. ತಿಳಿಯಿತು, ಆದರೆ ತಿಳಿವು ಎದೆಯವರೆಗೆ ಇಳಿಯಲಿಲ್ಲ.

‘ಬಾಯಿಬಿಟ್ಟು ಹೇಳ್ಬಹುದಿತ್ತು,’ ಎಂದ.

‘ನೀನು ಬಾಯಿಬಿಟ್ಟು ಕೇಳ್ಬಹುದಿತ್ತು.’

ಅಲ್ಲಿಗೆ ಆ ಮಾತು ಮುಗಿಯಿತು. ಅವನು ಬಹಳ ಹೊತ್ತು ಪೆಟ್ಟಿಗೆಗಳ ಸಾಲನ್ನು ನೋಡಿದ. ಬರಿದಾದ ಮೇಲೆ ಅವು ಎಲ್ಲ ಒಂದೇ ಥರ ಕಾಣುತ್ತಿದ್ದವು, ಮನೆ ಖಾಲಿ ಮಾಡಿಕೊಂಡು ಹೋದವರ ಕೋಣೆಗಳ ಹಾಗೆ. ಲೋಟವನ್ನು ತೆಗೆದುಕೊಂಡು ಹಲ್ಲುಗಳನ್ನು ಕಡುನೀಲಿಯದಕ್ಕೆ ಸುರಿದ. ಮಾತ್ರೆಗಳನ್ನು ಕೆಂಪಿನದಕ್ಕೆ ಹಾಕಿದ, ಕೀಲಿಕೈಗಳನ್ನು ಮರದ್ದಕ್ಕೆ. ಯಾವುದು ಯಾವುದರಲ್ಲಿತ್ತೆಂಬುದು ಅವನಿಗೆ ತಪ್ಪಲಿಲ್ಲ. ಅಷ್ಟು ವರ್ಷದ ವಿದ್ಯೆ.

‘ಇದೇನು ಮಾಡ್ತಿದೀಯಾ?’

‘ಎಲ್ಲಿತ್ತೋ ಅಲ್ಲಿಡ್ತಿದೀನಿ.’

‘ಮತ್ತೆ ನಿನ್ನ ಸೆಟ್ಟು?’

‘ಬರೀ ಗಡಿಯಾರ ಕೊಟ್ಟು ಕಳಿಸ್ತೀನಿ ಬಿಡಿ.’

ಹರಾಜಿನ ಹೆಣ್ಣುಮಗಳು ಬೇಸರಪಟ್ಟಾಳು, ಪಡಲಿ. ಬಂದ ಕೆಲಸ ಕೆಟ್ಟಿತ್ತು. ಅದಕ್ಕೂ ಅವನಿಗೆ ಏನೂ ಅನಿಸಲಿಲ್ಲ. ಎದ್ದು ಹೊರಡಲು ಗೋಡೆ ಹಿಡಿದುಕೊಂಡಾಗ, ಅತ್ತಿಗೆ ತಮ್ಮ ಮೊಣಕಾಲಿನ ಬಳಿ ಇದ್ದ ಇನ್ನೊಂದನ್ನು ಮುಂದೆ ತಳ್ಳಿದರು. ದಾರದ ಉಂಡೆ, ಸೂಜಿ, ಗುಂಡಿಗಳು ತುಂಬಿದ್ದ ಕಪ್ಪು ಪೆಟ್ಟಿಗೆ. ಮಧ್ಯದಲ್ಲಿ ಗಡಿಯಾರ ಕೂರಿಸುವ ಪುಟ್ಟ ದಿಂಬು, ಅದಕ್ಕೆ ಚುಚ್ಚಿದ ಗುಂಡುಸೂಜಿಗಳು. ಅವನು ಕೇಳಿದ್ದರೂ ಇದೊಂದನ್ನು ಕೊಡುತ್ತಿರಲಿಲ್ಲವೆಂದೂ, ಇದು ಮಾತ್ರ ತನ್ನದೆಂದೂ ಹೇಳಿ, ಇದರೊಳಗಿದ್ದ ಗಡಿಯಾರ ಯಾವುದೆಂದು ಕೇಳಿದರು.

ತಮ್ಮ ನೋಡಿದ. ಒಳಮುಚ್ಚಳದ ಮೇಲಿನ ಚಿನ್ನದಕ್ಷರ ಅರ್ಧ ಅಳಿಸಿತ್ತು. ಎಡಗೈಯನ್ನು ಮುಂದೆ ಚಾಚಿದ. ಬೆಳಿಗ್ಗೆ ಲಾಕರಿನಿಂದ ಕೈಗೆ ಸಿಕ್ಕಿದ್ದನ್ನು ಕಟ್ಟಿಕೊಂಡು ಬಂದಿದ್ದ, ಅದು ಈ ಪೆಟ್ಟಿಗೆಯದೇ ಆಗಿತ್ತು.

‘ಹಂಗಾದ್ರೆ ಇಲ್ಲಿ ಹಾಕು. ಒಂದಾದ್ರೂ ಸೆಟ್ಟಾಗ್ಲಿ,’ ಎಂದರು ಅತ್ತಿಗೆ, ತಮಾಷೆಗೋ ನಿಜಕ್ಕೋ ತಿಳಿಯದ ಹಾಗೆ.

ಅವನು ಪಟ್ಟಿಯ ಕೊಂಡಿ ಬಿಚ್ಚಲು ಹೋದ. ಬೆರಳು ಜಾರಿತು, ಇನ್ನೊಮ್ಮೆ ಜಾರಿತು. ಅತ್ತಿಗೆ ಅವನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಕೊಂಡಿ ಬಿಚ್ಚಿ, ದಿಂಬಿನಿಂದ ಗುಂಡುಸೂಜಿ ಕಿತ್ತು, ಗಡಿಯಾರವನ್ನು ಅದಕ್ಕೆ ಸುತ್ತಿ ಕೂರಿಸಿದರು. ಸರಿಯಾಗಿ ಕೂತಿತು. ಲಕೋಟೆಯಿಂದ ಅದರ ಕಾಗದವನ್ನು ಹುಡುಕಿ ಅವನು ಪಕ್ಕದಲ್ಲಿಟ್ಟ. ಹಿಂದೆ ಬಾಗಿಲಿಲ್ಲದ ಮನೆಯ ಚಿತ್ರವಿತ್ತು. ಪೆಟ್ಟಿಗೆ, ಪ್ರಮಾಣಪತ್ರ, ಗಡಿಯಾರ. ಇಡಿಯಾಗಿತ್ತು. ನೋಡಿದ. ಇನ್ನೂ ನೋಡಿದ. ಮಿಸುಕಲಿಲ್ಲ. ಇಷ್ಟೇ ಎಂದುಕೊಂಡ.

ಅತ್ತಿಗೆ ಅಂಗಿಯನ್ನು ಮತ್ತೆ ಎತ್ತಿಕೊಂಡು ಕೊನೆಯ ಗುಂಡಿಗೆ ಗಂಟು ಹಾಕಿ, ದಾರ ಕತ್ತರಿಸಿ, ಕತ್ತರಿಯನ್ನು ಎಂದಿನಂತೆ ಪೆಟ್ಟಿಗೆಯೊಳಕ್ಕೆ ಎಸೆದರು. ಅದು ಗಡಿಯಾರದ ಮುಖದ ಮೇಲೆ ಟಣ್ಣೆಂದು ಬಿತ್ತು.

‘ಅತ್ತಿಗೆ, ಕತ್ತರಿ!’

‘ಏನಾಯ್ತೀಗ?’

‘ಏನಾಯ್ತಾ? ಅದು ಗಾಜಲ್ಲ, ಹಳೇ ಕಾಲದ ಪ್ಲಾಸ್ಟಿಕ್ಕು, ಉಗುರು ತಾಗಿದ್ರೂ ಗೀರು ಬೀಳತ್ತೆ. ಯಾರಾದ್ರೂ ಹಂಗೆ ಎಸೀತಾರಾ?’

‘ಬೀಳ್ಲಿ ಬಿಡು. ನನ್ನ ಪೆಟ್ಟಿಗೆ, ನನ್ನ ಕತ್ತರಿ.’

ಅವನು ಮಂಡಿಯೂರಿ ಕೂತು, ಕತ್ತರಿಯನ್ನು ಕಿತ್ತು ಆಚೆಗಿಟ್ಟು, ಗಡಿಯಾರವನ್ನು ಕಿಟಕಿಯ ಬೆಳಕಿಗೆ ಹಿಡಿದ. ಹನ್ನೆರಡರಿಂದ ಎರಡರವರೆಗೆ ಬಿಳಿಯ ಗೆರೆಯೊಂದು ಬಿದ್ದಿತ್ತು. ಕಿವಿ ಬಿಸಿಯಾಯಿತು. ಎಷ್ಟು ಹೇಳಿದರೂ ಈ ಮನೆಯಲ್ಲಿ ಯಾರಿಗೂ ವಸ್ತುವಿನ ಬೆಲೆ ತಿಳಿಯುವುದಿಲ್ಲವೆಂದ. ಮಾತ್ರೆ ಹಾಕಲು ಡಬ್ಬಿ ಸಿಗಲಿಲ್ಲವೇ, ಬರೆಯಲು ಹಾಳೆ ಸಿಗಲಿಲ್ಲವೇ, ಅದು ಬೆಕ್ಕು ಬರೆಯುವ ಕಾಗದವೇ ಎಂದ. ಆ ಮನುಷ್ಯನಿಗೂ ಅಷ್ಟೇ, ಎಲ್ಲದರಲ್ಲೂ ಆಟ, ಎಲ್ಲರೂ ತನ್ನ ಮನಸ್ಸನ್ನು ತಾವೇ ಓದಿಕೊಳ್ಳಬೇಕು, ಬಾಯಲ್ಲೇನು ಕಡುಬು ತುರುಕಿತ್ತೇ, ಒಂದು ಮಾತು, ಒಂದೇ ಮಾತು ಅಂದಿದ್ದರೆ ಗಂಟೇನು ಹೋಗುತ್ತಿತ್ತು, ಮೆಟ್ಟಿಲಿಳಿದು ಹೋಗುವಾಗ ಒಂದು ಸಾರಿ ಹಿಂದಿರುಗಿ ನೋಡಬಾರದಿತ್ತೇ, ದರಿದ್ರ ಗಂಟನ್ನು ಹೊತ್ತುಕೊಂಡು ಹಾಗೆಯೇ ಹೊರಟೇಬಿಟ್ಟನಲ್ಲ, ಈಗಲೂ ಹಾಗೆಯೇ ಹೊರಟೇಬಿಟ್ಟ ಎಂದ. ದನಿ ಏರಿ ಏರಿ ಎಲ್ಲಿಯೋ ಒಡೆದು ಬೇರೆಯಾಯಿತು. ಆದರೂ ನಿಲ್ಲಿಸಲಿಲ್ಲ.

ಅತ್ತಿಗೆ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ರಾಶಿಯಿಂದ ಇನ್ನೊಂದು ಅಂಗಿ ತೆಗೆದುಕೊಂಡು, ಸೂಜಿಯನ್ನು ಬೆಳಕಿಗೆ ಹಿಡಿದು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡರು.

‘ಹೂಂ,’ ಎಂದರು. ‘ಆಮೇಲೆ?’